ನರಸಿಂಹಮ್ಮನ ಮುಳ್ಳು ಕೆನಡಾಕ್ಕೆ ಹೋದದ್ದು

ಗುಬ್ಬಿಯ ಮೇದರ ಬೀದಿಯಲ್ಲಿ ನರಸಿಂಹಮ್ಮ ಎಂಬಾಕೆ ಇದ್ದಳು. ಆಕೆಯ ಮನೆಯಲ್ಲಿ ಒಂದು ಮುಳ್ಳಿತ್ತು. ಮುಳ್ಳುಹಂದಿಯ ಮುಳ್ಳು. ಗೇಣಿಗಿಂತ ಎರಡು ಬೆರಳು ಉದ್ದ, ನಡುವೆ ಪೆನ್ಸಿಲ್ಲಿನಷ್ಟು ದಪ್ಪ, ಕಪ್ಪು ಮೈಮೇಲೆ ಮೂರು ಕಡೆ ಅಗಲವಾದ ಬಿಳಿ ಪಟ್ಟೆ. ಸೀಮಂತದ ದಿವಸ ಗಂಡ ಹೆಂಡತಿಯ ಬೈತಲೆಯನ್ನು ಮುಳ್ಳುಹಂದಿಯ ಮುಳ್ಳಿನಿಂದಲೇ ತೆಗೆಯಬೇಕು, ಆ ಮುಳ್ಳಿನಲ್ಲಿ ಮೂರು ಬಿಳಿ ಇರಲೇಬೇಕು ಎಂದು ಕೋಟೆ ಬೀದಿಯ ಜೋಯಿಸರು ಕಟ್ಟುನಿಟ್ಟು ಮಾಡಿದ್ದರು. ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಮುಳ್ಳುಹಂದಿಯನ್ನು ಎದುರಿಗೆ ಕೂರಿಸಿಕೊಂಡು ಆರಿಸಿ ಕೀಳುವುದಕ್ಕೂ ಆಗುವುದಿಲ್ಲ. ಹಾಗಾಗಿ ಎಷ್ಟೇ ದೊಡ್ಡ ಮನೆಯವರಾದರೂ ಸೀಮಂತ ಗೊತ್ತಾದ ಮೇಲೆ ಮೇದರ ಬೀದಿಗೆ ಬಂದು, "ನರಸಿಂಹಮ್ಮನೋರೆ, ಮುಳ್ಳು ಕೊಡ್ತೀರಾ" ಎಂದು ಕೇಳಬೇಕಿತ್ತು. ಮೊರ ಕೊಳ್ಳಲು ಬಂದಾಗ ಅದೇ ಜನ ಆಕೆಯನ್ನು "ಏನಮ್ಮೀ" ಎನ್ನುತ್ತಿದ್ದರು.

ಆಕೆ ಬಿದಿರಿನ ಕೊಳವೆಯಿಂದ ಮುಳ್ಳು ತೆಗೆದು, ಸೆರಗಿನಲ್ಲಿ ಒರೆಸಿ ಕೊಡುವಳು. ಒಂದೇ ಕರಾರು. ಅವತ್ತು ಸಂಜೆಯೊಳಗೆ ವಾಪಸು ಬರಬೇಕು, ಬರಿಗೈಲಿ ಬರಬಾರದು, ಐದು ವೀಳ್ಯದೆಲೆ ಎರಡು ಅಡಿಕೆ ಜೊತೆಗಿರಬೇಕು. ಆ ಮುಳ್ಳು ಆಕೆಯ ಅತ್ತೆಯ ಕಾಲದ್ದು. ಅದರಲ್ಲಿ ಬೈತಲೆ ತೆಗೆಸಿಕೊಂಡವರ ಮಕ್ಕಳೆಲ್ಲ ಬೈತಲೆ ತೆಗೆದುಕೊಂಡೇ ಹುಟ್ಟುತ್ತಿದ್ದರು ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ನನ್ನ ಹೆಂಡತಿಯೂ ನಂಬಿರಲಿಲ್ಲ. ನಮ್ಮ ದೊಡ್ಡವನು ಬೋಳುತಲೆಯಲ್ಲೇ ಹುಟ್ಟಿ ನನ್ನ ಮರ್ಯಾದೆ ತೆಗೆದ.

ನಾನಾಗ ತುಮಕೂರಿನ ಒಂದು ಮಿಷನ್ ಆಸ್ಪತ್ರೆಯ ಜೀಪ್ ಡ್ರೈವರ್. ಆಸ್ಪತ್ರೆಯಲ್ಲಿ ಎಡಿತ್ ಸಿಸ್ಟರ್ ಎಂಬ ಕೆನಡಾದ ನರ್ಸಮ್ಮ ಇದ್ದರು. ಆರಡಿ ಎತ್ತರ, ಜೀಪಿನಲ್ಲಿ ಕೂತರೆ ಮೇಲಿನ ಟಾರ್ಪಾಲು ಗೂಡಾರದ ಹಾಗೆ ಉಬ್ಬುತ್ತಿತ್ತು. ಬಂದು ಹನ್ನೊಂದು ವರ್ಷವಾಗಿತ್ತು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತಿದ್ದರು, ಕನ್ನಡದಲ್ಲಿ ಬೈಯುವುದನ್ನು ಮಾತ್ರ ಕಲಿತಿರಲಿಲ್ಲ. ಗುರುವಾರ ಗುರುವಾರ ಗುಬ್ಬಿಯಲ್ಲಿ ಬಸುರಿಯರನ್ನು ನೋಡಲು ಬರುತ್ತಿದ್ದರು. ಅವರನ್ನು ಕರೆದುಕೊಂಡು ಬರುವುದು ನನ್ನ ಕೆಲಸ.

ಎಪ್ಪತ್ತಾರರ ಒಂದು ಗುರುವಾರ ನರಸಿಂಹಮ್ಮ ಜೀಪಿಗೆ ಅಡ್ಡ ನಿಂತಳು. ಸಿ.ಎಸ್. ಪುರಕ್ಕೆ ಕೊಟ್ಟಿದ್ದ ಮಗಳು ಸಿದ್ದಗಂಗಮ್ಮ ಹೆರಿಗೆಗೆ ಬಂದವಳು ಎರಡು ದಿನದಿಂದ ನೋವು ತಿನ್ನುತ್ತಿದ್ದಳು. ಮಗು ಕಾಲು ಮುಂದಾಗಿತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತುಮಕೂರಿಗೆ ಹೊರಟೆವು. ಆ ದಿನ ನಾನು ಗುಬ್ಬಿಯಿಂದ ತುಮಕೂರಿಗೆ ಎಷ್ಟು ಹೊತ್ತಿನಲ್ಲಿ ಹೋದೆ ಎಂದರೆ, ದಾರಿಯಲ್ಲಿ ಹೊಡೆದ ಹಾರನ್ ಸದ್ದು ಆಸ್ಪತ್ರೆಗೆ ನಮಗಿಂತ ತಡವಾಗಿ ಬಂದು ಸೇರಿತು. ಎಡಿತ್ ಸಿಸ್ಟರ್ ಅಂಗಿಯ ತೋಳು ಮಡಿಸಿ ಒಳಗೆ ಹೋದವರು ಒಂದೂವರೆ ಗಂಟೆಯ ಮೇಲೆ ಹೊರಗೆ ಬಂದರು. ಹೆಣ್ಣು ಮಗು, ಎರಡು ಜೀವವೂ ಉಳಿದಿದ್ದವು.

ನರಸಿಂಹಮ್ಮ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. ಗೋಡೆಗೆ ಒರಗಿ ನಿಂತುಕೊಂಡೇ, "ನಿಮ್ ಋಣ ನನ್ ಮೇಲೆ ಕೂತ್ಕತು ಕಣವ್ವ. ಏನಾರ ಒಂದ್ ಕೇಳಿ, ಮಾಡ್ಕೊಡ್ತೀನಿ" ಎಂದಳು.

"ಏನೂ ಬೇಡ ನರಸಿಂಹಮ್ಮ. ಇದು ನನ್ನ ಕೆಲಸ."

"ಕೆಲಸ ನಿಮ್ದು ಸರಿ. ಋಣ ನಂದಲ್ವಾ."

ಅಲ್ಲಿಂದ ಶುರುವಾಯಿತು ನೋಡಿ. ಪ್ರತಿ ಗುರುವಾರ ಜೀಪು ನಿಂತ ತಕ್ಷಣ ಆಕೆ ಬಂದು, "ಏನ್ ಬೇಕು, ಯೋಚ್ನೆ ಮಾಡಿದ್ರಾ" ಎನ್ನುವಳು. ಸಿಸ್ಟರ್ ನಕ್ಕು ತಲೆಯಾಡಿಸುವರು. ಆಕೆ ಒಂದು ಮೊರ ಕೊಟ್ಟು ಹೋಗುವಳು. ಸಿಸ್ಟರ್ ಕ್ವಾರ್ಟರ್ಸಿನಲ್ಲಿ ಮೊರಗಳು ಸೂರಿನ ತನಕ ಬೆಳೆದವು. ಕೇರಲು ಮನೆಯಲ್ಲಿ ಒಂದು ಸೇರು ಅಕ್ಕಿಯೂ ಇರಲಿಲ್ಲ.

"ಇಷ್ಟೊಂದು ಮೊರ ಕೊಟ್ಟಿದೀಯಲ್ಲ ತಾಯಿ, ಇನ್ನೂ ತೀರ್ಲಿಲ್ವಾ ನಿನ್ ಋಣ" ಎಂದು ನಾನೇ ಒಂದು ದಿನ ಕೇಳಿದೆ.

"ಮೊರ ಊರಿಗೆಲ್ಲ ಕೊಡ್ತೀನಿ ಮಾದೇವಣ್ಣ. ಅದು ಲೆಕ್ಕಕ್ಕಿಲ್ಲ. ಆಯಮ್ಮ ಬಾಯ್ಬುಟ್ಟು ಕೇಳ್ಬೇಕು. ಕೇಳ್ದೆ ಕೊಟ್ಟಿದ್ದು ಕೊಟ್ಟಂಗಾಯ್ತದಾ?"

ಆಕೆಯ ಗಂಡ ಕದರಯ್ಯ ಬಿದಿರು ಸೀಳುತ್ತ ಕೂತಿದ್ದವನು, "ಆಯಮ್ಮ ಕೇಳ್ಳೇ ಬಾರ್ದು ಸ್ವಾಮಿ, ಇಂಗೇ ಇರ್ಲಿ. ಕೇಳ್ಬುಟ್ರೆ ಇವ್ಳಿಗೆ ಗುರುವಾರ ಬೇರೆ ಕೆಲ್ಸ ಇರಾಕಿಲ್ಲ" ಎಂದ.

ಹೀಗೆ ಎರಡೂವರೆ ವರ್ಷ ಕಳೆಯಿತು. ಎಪ್ಪತ್ತೊಂಬತ್ತರ ಜನವರಿಯಲ್ಲಿ ಸಿಸ್ಟರಿಗೆ ಊರಿಗೆ ವಾಪಸು ಹೋಗುವ ಕಾಗದ ಬಂತು. ಮಾರ್ಚಿ ಮೊದಲ ವಾರದಲ್ಲಿ ಪ್ರಯಾಣ. ಸಾಮಾನು ಕಟ್ಟಲು ಕಬೋರ್ಡು ತೆಗೆದವರು ಮಂಚದ ಮೇಲೆ ಕೂತುಬಿಟ್ಟರು. ನಾನು ಪೆಟ್ಟಿಗೆ ಹೊರಲು ಹೋಗಿದ್ದೆ.

ಅವರ ಕೈಯಲ್ಲಿ ದುಂಡನೆಯ ಒಂದು ಸಣ್ಣ ಡಬ್ಬಿ ಇತ್ತು, ಬೆಲ್ಲದ ಅಚ್ಚಿನಷ್ಟು. ಮರದ ತೊಗಟೆಯಲ್ಲಿ ಮಾಡಿದ್ದು. ಮೈತುಂಬ ಕೆಂಪು, ಹಳದಿ, ಬಿಳಿ ಗೆರೆಗಳು, ರೇಷ್ಮೆ ಕಸೂತಿಯ ಹಾಗೆ ಮಿರಮಿರ ಎನ್ನುತ್ತಿದ್ದವು. ಮುಚ್ಚಳದ ಅರ್ಧ ಮಾತ್ರ ಇರಲಿಲ್ಲ. ಗೆದ್ದಲು ತಿಂದಿತ್ತು. ಗೆದ್ದಲು ತೊಗಟೆ ತಿಂದು ಗೆರೆಗಳನ್ನು ಉಗುಳಿತ್ತಂತೆ, ಕಸ ಗುಡಿಸುವವಳು ಪೊರಕೆ ಕಡ್ಡಿ ಎಂದು ಅವನ್ನು ಗುಡಿಸಿ ಎಸೆದಿದ್ದಳಂತೆ.

ಅದು ಕಸೂತಿಯಲ್ಲ, ಮುಳ್ಳುಹಂದಿಯ ಮುಳ್ಳು ಎಂದು ಸಿಸ್ಟರ್ ಹೇಳಿದಾಗ ನಾನು ಅವರಿಗೆ ಜ್ವರ ಬಂದಿದೆ ಎಂದುಕೊಂಡೆ. ಅವರು ಹೇಳಿದ್ದು ಇಷ್ಟು. ಅವರ ಊರಿನ ಕಡೆ, ಸಮುದ್ರದ ದಂಡೆಯಲ್ಲಿ, ಮಿಕ್ಮಾಕ್ ಎಂಬ ಜನ ಇದ್ದಾರೆ. ಬಿಳಿಯರು ಹೋಗುವ ಮುಂಚಿನಿಂದ ಅಲ್ಲಿದ್ದವರು. ಅವರ ಹೆಂಗಸರು ಬರ್ಚ್ ಎಂಬ ಮರದ ತೊಗಟೆಗೆ ಮುಳ್ಳುಹಂದಿಯ ಮುಳ್ಳು ಚುಚ್ಚಿ ಚಿತ್ತಾರ ಬಿಡಿಸುತ್ತಾರೆ. ಅಲ್ಲಿನ ಮುಳ್ಳು ನಮ್ಮ ಮುಳ್ಳಿನ ಹಾಗಲ್ಲ, ಬೆರಳುದ್ದ, ಸೂಜಿಗಿಂತ ಸ್ವಲ್ಪ ದಪ್ಪ. ಸಿಸ್ಟರ್ ಹೊಸದಾಗಿ ನರ್ಸ್ ಆಗಿದ್ದಾಗ ಆಗ್ನೆಸ್ ಎಂಬ ಮಿಕ್ಮಾಕ್ ಮುದುಕಿ, "ಇಂಡಿಯಾಕ್ಕೆ ಹೋಗ್ತೀಯಾ, ತಗೊಂಡು ಹೋಗು, ಬರುವಾಗ ತಾ" ಎಂದು ಈ ಡಬ್ಬಿ ಕೊಟ್ಟಿದ್ದಳು. ಈಗ ಆಗ್ನೆಸ್ ತೀರಿಕೊಂಡಿದ್ದಳು. ಮಾಡಿದ ಡಬ್ಬಿಗಳನ್ನೆಲ್ಲ ಪ್ರವಾಸಕ್ಕೆ ಬಂದವರಿಗೆ ಮಾರಿಯೇ ಬದುಕಿದವಳು, ಮನೆಯಲ್ಲಿ ಒಂದೂ ಉಳಿದಿರಲಿಲ್ಲ. ಅಮ್ಮನ ಕೈಯದು ಅಂತ ಇರುವುದು ಇದೊಂದೇ, ಮರೆಯದೆ ತನ್ನಿ ಎಂದು ಮಗಳು ಕಾಗದ ಬರೆದಿದ್ದಳು.

"ಅರ್ಧ ಮುಚ್ಚಳ ಹೇಗೆ ಕೊಡಲಿ ಮಹಾದೇವಯ್ಯ?"

"ಕೇಳಿ ಕೇಳಿ ಅಂತ ಗುರುವಾರ ಗುರುವಾರ ಒಬ್ಳು ಕಾಯ್ಕೊಂಡವ್ಳಲ್ಲ ಸಿಸ್ಟರ್" ಎಂದೆ.

ಆ ಗುರುವಾರ ನರಸಿಂಹಮ್ಮ ಬಾಯಿ ತೆಗೆಯುವ ಮುಂಚೆಯೇ ಸಿಸ್ಟರ್, "ನರಸಿಂಹಮ್ಮ, ಈಗ ಕೇಳ್ತೀನಿ" ಎಂದರು.

"ಆಯ್ತು ಬುಡಿ, ಮಾಡ್ಕೊಡ್ತೀನಿ."

"ಏನು ಅಂತ ಇನ್ನೂ ಹೇಳಿಲ್ಲ."

"ಹೇಳಿ, ಅದ್ಕೇನು. ಮಾಡ್ಕೊಡ್ತೀನಿ ಅಂದಿದ್ದು ಆಗೋಯ್ತು."

ಡಬ್ಬಿ ಕೈಗೆ ಬಂದ ಮೇಲೆ ಆಕೆ ಮೊದಲು ಅದನ್ನು ಮೂಸಿದಳು. ಅಂಚಿಗೆ ಸುತ್ತಿದ್ದ ಒಣಹುಲ್ಲಿನಿಂದ ಇನ್ನೂ ಪರಿಮಳ ಬರುತ್ತಿತ್ತು. ಒಳಮಗ್ಗುಲು ತಿರುಗಿಸಿ ಉಗುರಿನಲ್ಲಿ ಕೆರೆದಳು. ದಾರವಿಲ್ಲ, ಅಂಟಿಲ್ಲ. ತೊಗಟೆಗೆ ತೂತು ಚುಚ್ಚಿ ಮುಳ್ಳಿನ ಎರಡು ತುದಿಯನ್ನೂ ಒಳಕ್ಕೆ ಬಗ್ಗಿಸಿದ್ದರು, ಅಷ್ಟೆ.

"ಹಸೀದ್ರಾಗೆ ಚುಚ್ಚವ್ಳೆ. ಒಣಗ್ತಾ ಒಣಗ್ತಾ ತೊಗ್ಟೇನೇ ಹಿಡ್ಕತದೆ" ಎಂದಳು. "ಯಾರವ್ವ ಇದ್ನ ಮಾಡಿದೋಳು?"

"ಆಗ್ನೆಸ್ ಅಂತ. ಅವರ ಜನ ಬುಟ್ಟಿಯನ್ನೂ ಹೆಣೀತಾರೆ, ಮರ ಸೀಳಿ."

"ಹಂಗಾರೆ ಮೇದರೋಳು ಅನ್ನಿ" ಎಂದು ಕದರಯ್ಯ ಕತ್ತಿ ಕೆಳಗಿಟ್ಟ. "ಅಲ್ಲಿಗಂಟ ಹೋಗವ್ರಾ ನಮ್ಮೋರು?"

ಉಳಿದ ಅರ್ಧದಲ್ಲಿ ನಕ್ಷತ್ರದ ನಾಲ್ಕು ಮೂಲೆಗಳಿದ್ದವು. ಇನ್ನರ್ಧ ಹೇಗಿತ್ತೋ ನೆನಪಿಲ್ಲವೆಂದು ಸಿಸ್ಟರ್ ಪೇಚಾಡಿದರು. "ಅರ್ಧ ರಂಗೋಲಿ ಕಂಡ್ರೆ ಇನ್ನರ್ಧ ಗೊತ್ತಾಗಕಿಲ್ವಾ" ಎಂದು ನರಸಿಂಹಮ್ಮ ನೆಲದ ಧೂಳಿನಲ್ಲಿ ಬೆರಳಾಡಿಸಿ ಎಂಟು ಮೂಲೆಯ ನಕ್ಷತ್ರ ತೋರಿಸಿದಳು.

ಬರ್ಚ್ ತೊಗಟೆಯ ಬದಲು ಅಡಿಕೆ ಹಾಳೆ. ನೆನೆಸಿದರೆ ಚರ್ಮದಂತೆ ಮೆತ್ತಗಾಗುತ್ತದೆ, ಒಣಗಿದರೆ ಬಿಗಿಯುತ್ತದೆ. ಪರಿಮಳದ ಹುಲ್ಲಿನ ಬದಲು ಲಾವಂಚದ ಬೇರು. ಉಳಿದದ್ದು ಮುಳ್ಳು. ಅದಕ್ಕೆ ನಾನು ಹುಲಿಯೂರುದುರ್ಗಕ್ಕೆ ಹೋದೆ. ಅಲ್ಲಿ ಬೆಟ್ಟದ ಬುಡದ ಬಂಡೆಗಳ ಸಂದಿನಲ್ಲಿ ಮುಳ್ಳುಹಂದಿಗಳು ಬಿಲ ಮಾಡುತ್ತವೆ, ಬಿಲದ ಬಾಯಲ್ಲಿ ಉದುರಿದ ಮುಳ್ಳು ಬಿದ್ದಿರುತ್ತವೆ. ಆರಿಸಿ ಜೀಪು ಹತ್ತುವಷ್ಟರಲ್ಲಿ ಒಂದು ಮುಳ್ಳುಹಂದಿ ಎದುರಿಗೆ ಬಂದು, ಹಿಂದಕ್ಕೆ ತಿರುಗಿ, ಮೈ ಕೊಡವಿ, ಬಾಣ ಬಿಟ್ಟ ಹಾಗೆ ಬಿಟ್ಟಿತು. ನಾಲ್ಕು ಟೈರೂ ಪಂಚರು. ಕುಣಿಗಲ್ಲಿನಲ್ಲಿ ಪಂಚರ್ ಹಾಕುವ ನೂರ್ ಅಹಮದ್ ಟೈರಿನಿಂದ ಹನ್ನೆರಡು ಮುಳ್ಳು ಕಿತ್ತು, "ಇದ್ಯಾವ ರೋಡಲ್ಲಿ ಬಂದ್ರಿ ಸಾಬ್" ಎಂದ. ಮುಳ್ಳುಹಂದಿ ಮುಳ್ಳು ಎಸೆಯುವುದಿಲ್ಲ, ಅದು ಬರಿ ಕತೆ ಎಂದು ಸಿಸ್ಟರ್ ಆಮೇಲೆ ಹೇಳಿದರು. ಕೆನಡಾದ್ದು ಎಸೆಯುವುದಿಲ್ಲವೇನೋ, ನಮ್ಮದರ ವಿಷಯ ಅವರಿಗೆ ಹೇಗೆ ಗೊತ್ತು.

ಮುಳ್ಳು ನೋಡಿ ನರಸಿಂಹಮ್ಮ, "ಇದು ಒಲೆ ಊದೋ ಕೊಳವಿ ಇದ್ದಂಗದೆ" ಎಂದಳು. ಇಂಥದ್ದನ್ನು ಹಾಗೇ ಬಗ್ಗಿಸಿದರೆ ಪಟ್ ಎಂದು ಮುರಿಯುತ್ತದೆ. ಆಕೆ ಬಿದಿರು ಸೀಳುವ ಹಾಗೆಯೇ ಅದನ್ನು ಸೀಳಿದಳು. ಒಂದು ಮುಳ್ಳಿಗೆ ಆರು ಸೀಳು. ಒಳಗಿನ ಬೆಂಡು ಹೆರೆದು, ಉಳಿದ ಸಿಪ್ಪೆಯನ್ನು ಉಗುರುಬೆಚ್ಚನೆ ನೀರಿನಲ್ಲಿ ನೆನೆಹಾಕಿದಳು. ಆಗ ಅದು ಬೆರಳಿಗೆ ಸುತ್ತಿದರೆ ಸುತ್ತಿಕೊಂಡಿತು. ಆದರೆ ಬಣ್ಣ ಹಿಡಿಯುವುದು ಬಿಳಿ ಭಾಗಕ್ಕೆ ಮಾತ್ರ. ಕಪ್ಪು ಕಪ್ಪಾಗೇ ಇರುತ್ತದೆ. ಹೀಗಾಗಿ ಒಂದು ರಾಶಿ ಮುಳ್ಳಿಗೆ ಒಂದು ಹಿಡಿ ಬಿಳಿ ಸಿಕ್ಕಿತು. ಅರಿಶಿನದಲ್ಲಿ ಹಳದಿ ಮಾಡಿದಳು, ಕೆಂಪಿಗೆ ಪೇಟೆಯ ಬಣ್ಣ ತರಿಸಿದಳು.

ಹದಿನೆಂಟು ದಿನ ಕೂತಳು. ಆ ದಿನಗಳಲ್ಲಿ ಗುಬ್ಬಿಯಲ್ಲಿ ಮೊರಕ್ಕೆ ಬರ ಬಂದು, ಹೆಂಗಸರು ಅಕ್ಕಿಯನ್ನು ಬಾಯಲ್ಲಿ ಊದಿ ಕೇರಿದರು ಎಂಬ ಮಾತಿದೆ. ಅರ್ಧ ಚಂದ್ರದಂಥ ಹಾಳೆಯಲ್ಲಿ ನಾಲ್ಕು ಮೂಲೆ ಬಿಡಿಸಿ, ಹಳೆಯ ಅರ್ಧದ ಪಕ್ಕದಲ್ಲಿಟ್ಟು ತೋರಿಸಿದಳು. ಕಣ್ಣಿಗೆ ಕನ್ನಡಕ ಹಾಕಿ ನೋಡಿದರೂ ಎಲ್ಲಿ ಆಗ್ನೆಸ್ ಮುಗಿದಳು, ಎಲ್ಲಿ ನರಸಿಂಹಮ್ಮ ಶುರುವಾದಳು ಎಂದು ನನಗೆ ತಿಳಿಯಲಿಲ್ಲ. ನನ್ನ ಕನ್ನಡಕ ಅವತ್ತು ಮನೆಯಲ್ಲಿತ್ತು ಎನ್ನುವುದು ಬೇರೆ ಮಾತು.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮೇದರು ಯಾವ ಬುಟ್ಟಿಯನ್ನೂ ಹಾಗೇ ಕೊಡುವುದಿಲ್ಲ. ಒಲೆಯ ಮೇಲೆ ನೇತುಹಾಕಿ ಮೂರು ದಿನ ಹೊಗೆ ಕೊಡುತ್ತಾರೆ. ಹೊಗೆ ಕುಡಿದ ಬಿದಿರಿಗೆ ಹುಳ ಹತ್ತುವುದಿಲ್ಲ. ಮೊದಲಿನ ಮುಚ್ಚಳ ಗೆದ್ದಲ ಪಾಲಾಗಿದ್ದು ಹೊಗೆ ಕೊಡದೆ ಇದ್ದದ್ದಕ್ಕೇ ಎಂದು ಆಕೆಗೆ ಖಾತ್ರಿ. "ಪಾಪ, ಆಗ್ನೆಸಮ್ಮಂಗೆ ಗೊತ್ತಿರ್ನಿಲ್ಲ. ಆ ಚಳಿಗೆ ಗೆದ್ಲೆಲ್ಲಿ ಬತ್ತದೆ" ಎಂದು ಹಾಳೆಯನ್ನು ಒಲೆಯ ಮೇಲೆ ಕಟ್ಟಿದಳು. ಹಳೆಯ ಅರ್ಧವನ್ನು ಮಾತ್ರ, ಅದು ಇನ್ನೊಬ್ಬರದು ಎಂದು, ಗೋಡೆಯ ಮಾಡದಲ್ಲೇ ಇಟ್ಟಳು.

ಬಿದಿರು ಹೊಗೆಗೆ ಒಗ್ಗಿದ್ದು. ಅಡಿಕೆ ಹಾಳೆ ಒಗ್ಗಿದ್ದಲ್ಲ. ಎರಡನೆಯ ದಿನ ಮಧ್ಯಾಹ್ನ, ಎಲ್ಲರೂ ಮುದ್ದೆಗೆ ಕೂತಿರುವಾಗ, ಮೇಲಿನಿಂದ ಟಿಕ್ ಟಿಕ್ ಎಂದು ಸದ್ದಾಯಿತಂತೆ. ಕದರಯ್ಯನ ಸಾರಿಗೆ ಒಂದು ಕೆಂಪು ಕಡ್ಡಿ ಬಿತ್ತು. ತಲೆಯೆತ್ತಿ ನೋಡಿದರೆ ಹಾಳೆ ಹಪ್ಪಳದಂತೆ ಸುರುಳಿ ಸುತ್ತುತ್ತಿದೆ, ಮುಳ್ಳುಗಳು ಒಂದೊಂದಾಗಿ ಸಿಡಿದು ಉದುರುತ್ತಿವೆ. ಕೆಳಗಿಳಿಸುವ ಹೊತ್ತಿಗೆ ಒಂದು ಮೂಲೆಯೂ ಉಳಿದಿರಲಿಲ್ಲ. ಶಾಖಕ್ಕೆ ಸಿಪ್ಪೆಯೆಲ್ಲ ಗರಿಗರಿಯಾಗಿ, ಮುಟ್ಟಿದರೆ ಪುಡಿ.

ನಾನು ಗುರುವಾರ ಹೋದಾಗ ಆಕೆ ಜಗುಲಿಯ ಮೇಲೆ ಸುರುಳಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಿಸ್ಟರ್ ಹೊರಡಲು ಎಂಟು ದಿನವಿತ್ತು.

"ಸಿಸ್ಟರಿಗೆ ಹೇಳ್ಲಾ?" ಎಂದೆ.

"ಏನಂತ ಹೇಳ್ತೀಯ? ಮೂರು ವರ್ಷ ಕೇಳಿ ಕೇಳಿ ಅಂತ ಪ್ರಾಣ ತಿಂದು, ಕೇಳಿದ್ ಮ್ಯಾಲೆ ಸುಟ್ಟಾಕಿದ್ಲು ಅಂತಲಾ? ಸುಮ್ಕೆ ಹೋಗು."

ಹಗಲು ರಾತ್ರಿ ಎನ್ನದೆ ಮತ್ತೆ ಕೂತಳು. ಹಾಳೆ ಬೇಕಾದಷ್ಟಿತ್ತು. ಬಿಳಿ ಮುಳ್ಳು ಇರಲಿಲ್ಲ. ನಾನು ಮತ್ತೆ ಹುಲಿಯೂರುದುರ್ಗಕ್ಕೆ ಹೋಗಿ ತಂದದ್ದರಲ್ಲಿ ಮೂರು ಮೂಲೆಗೆ ಬೇಕಾದಷ್ಟು ಬಿಳಿ ಹೊರಟಿತು. ನಾಲ್ಕನೆಯದಕ್ಕೆ ಒಂದು ಚೂರೂ ಇಲ್ಲ. ಆಗ ನರಸಿಂಹಮ್ಮ ಎದ್ದು ಹೋಗಿ ಬಿದಿರ ಕೊಳವೆ ತಂದಳು.

ಕದರಯ್ಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಎದ್ದು ಬಾಗಿಲಿಗೆ ಅಡ್ಡ ನಿಂತ, ಮುಳ್ಳು ತಾನೇ ನಡೆದು ಹೋಗುತ್ತದೆ ಎನ್ನುವ ಹಾಗೆ.

"ಲೇ, ಅದು ನಮ್ಮವ್ವನ್ ಮುಳ್ಳು."

"ನಿಮ್ಮವ್ವನ್ ಮರಿಮೊಮ್ಮಗ್ಳ ಕಾಲು ಹಿಡ್ದು ಎಳ್ದೋರ್ಯಾರು?"

"ಸುಕ್ರಾರ ಜೋಯಿಸರ ಮಗಳ ಸೀಮಂತ. ಕೊಡ್ತೀವಿ ಅಂತ ಹೇಳ್ಬುಟ್ಟಿದೀವಿ."

"ಹೇಳಿದ್ದು ನೀನು."

"ಅದಿಲ್ದಿದ್ರೆ ನಮ್ಮನೆ ಬಾಗ್ಲಿಗೆ ಯಾರೇ ಬತ್ತಾರೆ? ಕೋಟೆ ಬೀದಿಯೋರು ನಿನ್ನ ಅಮ್ಮನೋರೆ ಅಂತ ಕರಿಯೋದು ನಿನ್ ಮಕ ನೋಡ್ಕಂಡಾ?"

ನರಸಿಂಹಮ್ಮ ಮುಳ್ಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಲವತ್ತು ವರ್ಷ ತಲೆಯ ಎಣ್ಣೆ ಕುಡಿದು ಅದು ಆನೆದಂತದ ಹಾಗೆ ಹೊಳೆಯುತ್ತಿತ್ತು.

"ಕರೀದಿದ್ರೆ ಬುಡ್ಲಿ. ಮೊರ ತಗಳಕ್ಕಾದ್ರೂ ಬತ್ತಾರಲ್ಲ" ಎಂದಳು. ಕತ್ತಿಯ ತುದಿಯನ್ನು ಮುಳ್ಳಿನ ಬುಡಕ್ಕಿಟ್ಟು ಹೆಬ್ಬೆರಳಿನಲ್ಲಿ ಒತ್ತಿದಳು. ಒಂದೇ ಸಲಕ್ಕೆ ನೆಟ್ಟಗೆ ಸೀಳಿತು. ಕದರಯ್ಯ ಬಾಗಿಲು ಬಿಟ್ಟು ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ಎಣ್ಣೆ ಕುಡಿದ ಮುಳ್ಳಾದ್ದರಿಂದ ನೆನೆಸುವುದೇ ಬೇಕಾಗಲಿಲ್ಲ. ಬಣ್ಣವೂ ಹತ್ತಲಿಲ್ಲ. ನಾಲ್ಕನೆಯ ಮೂಲೆ ಬಿಳಿಯೂ ಅಲ್ಲದ, ಹಳದಿಯೂ ಅಲ್ಲದ ಬೆಣ್ಣೆಯ ಬಣ್ಣದಲ್ಲೇ ಉಳಿಯಿತು. ಎರಡು ಅರ್ಧಗಳನ್ನೂ ಕೂಡಿಸಿ, ಕೆಳಗೆ ಹಪ್ಪಳದಷ್ಟು ತೆಳ್ಳಗಿನ ಬಿದಿರ ಹೆಣಿಗೆ ಕೊಟ್ಟು, ಅಂಚಿಗೆ ಲಾವಂಚ ಸುತ್ತಿ ನೆರಳಲ್ಲೇ ಒಣಗಿಸಿದಳು. ಈ ಸಲ ಹೊಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಸಿಸ್ಟರ್ ಡಬ್ಬಿ ತೆಗೆದುಕೊಳ್ಳಲು ತಾವೇ ಬಂದರು. ಮುಚ್ಚಳ ಹಾಕಿ ತೆಗೆದರು, ಮತ್ತೆ ಹಾಕಿದರು. ಬೆಣ್ಣೆ ಬಣ್ಣದ ಮೂಲೆಯ ಮೇಲೆ ಬೆರಳಿಟ್ಟು, "ಇದು ಯಾಕೆ ಬೇರೆ ಥರ ಇದೆ" ಎಂದು ಕೇಳಿದರು. ಕದರಯ್ಯ ಬಿದಿರು ಸೀಳುವುದನ್ನು ಜೋರು ಮಾಡಿದ. ದಾರಿಯಲ್ಲಿ ನಾನು ಹೇಳಿದೆ. ಸಿಸ್ಟರ್ ತುಮಕೂರಿನ ತನಕ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದರು.

ಅದಕ್ಕೆ ಮುಂಚೆ, ಡಬ್ಬಿ ಕೈಗೆ ಕೊಡುವಾಗ, ನರಸಿಂಹಮ್ಮ ಅದರೊಳಗೆ ಒಂದು ಹಿಡಿ ರಾಗಿ, ಎರಡು ಅರಿಶಿನ ಕೊಂಬು ಹಾಕಿದ್ದಳು. ಬರಿ ಡಬ್ಬಿ ಕಳಿಸಬಾರದಂತೆ. "ಇನ್ ನಿಮ್ ಋಣ ತೀರ್ತು ಕಣವ್ವ, ಹೋಗ್ಬನ್ನಿ" ಎಂದು ಹೇಳಿ, ಜೀಪು ಕದಲುವ ಮುಂಚೆಯೇ ಒಳಗೆ ಹೋಗಿ ಮೊರ ಹೆಣೆಯಲು ಕೂತಳು.

ಶುಕ್ರವಾರ ಜೋಯಿಸರ ತಂಗಿ ಮುಳ್ಳಿಗೆ ಬಂದರು.

"ಇಲ್ಲ ಕಣ್ರವ್ವ. ಕೆನಡಾಕ್ಕೆ ಹೋಯ್ತು."

"ಯಾರ ಸೀಮಂತಕ್ಕೆ?"

"ಸೀಮಂತಕ್ಕಲ್ಲ. ಅಲ್ಲೇ ಇರಾಕೆ."

ಜೋಯಿಸರು ಶಾಸ್ತ್ರ ಹುಡುಕಿದರು. ಮುಳ್ಳಿಲ್ಲದಿದ್ದರೆ ದರ್ಭೆಯಾದೀತು ಎಂದು ಅರ್ಧ ಗಂಟೆಯಲ್ಲಿ ಸಿಕ್ಕಿತು. ನಲವತ್ತು ವರ್ಷ ಯಾಕೆ ಸಿಕ್ಕಿರಲಿಲ್ಲವೋ. ಅವತ್ತಿನಿಂದ ಗುಬ್ಬಿಯಲ್ಲಿ ಎಲ್ಲರ ಬೈತಲೆಯೂ ದರ್ಭೆಯಲ್ಲೇ. ಮೇದರ ಬೀದಿಗೆ ಮೊರ ಕೊಳ್ಳುವವರು ಬಂದರು, "ಏನಮ್ಮೀ" ಎಂದರು, ಹೋದರು. ನರಸಿಂಹಮ್ಮ ಅದರ ಬಗ್ಗೆ ಒಂದು ಮಾತೂ ಆಡಿದ್ದನ್ನು ನಾನು ಕೇಳಲಿಲ್ಲ. ಕದರಯ್ಯ ಆಡಿದ. ದಿನಕ್ಕೆರಡು ಸಲ ಆಡಿದ.

ಎಂಬತ್ತರ ಆಗಸ್ಟಿನಲ್ಲಿ ಆಸ್ಪತ್ರೆಯ ವಿಳಾಸಕ್ಕೆ ಒಂದು ಪಾರ್ಸೆಲ್ ಬಂತು. ನರಸಿಂಹಮ್ಮನಿಗೆ. ನಾನೇ ತೆಗೆದುಕೊಂಡು ಹೋಗಿ ಜಗುಲಿಯ ಮೇಲೆ ಬಿಚ್ಚಿದೆ. ಜಡೆ ಹೆಣೆದ ಪರಿಮಳದ ಹುಲ್ಲು. ಒಂದು ಪೊಟ್ಟಣದ ತುಂಬ ಸೂಜಿಯಂಥ ಬಿಳಿ ಮುಳ್ಳು, ತುದಿ ಮಾತ್ರ ಕಪ್ಪು. ಸಿಸ್ಟರ್ ಕನ್ನಡದಲ್ಲಿ ಬರೆದ ಕಾಗದವನ್ನು ಓದಿ ಹೇಳಿದೆ. ಆಗ್ನೆಸ್ ಮಗಳು ಡಬ್ಬಿ ತೆಗೆದುಕೊಂಡವಳು ಮೊದಲು ಆ ಬೆಣ್ಣೆ ಬಣ್ಣದ ಮೂಲೆಯನ್ನೇ ನೋಡಿದಳಂತೆ. ಸಿಸ್ಟರ್ ಎಲ್ಲ ಹೇಳಿದರಂತೆ. ಅವಳು ರಾಗಿಯನ್ನು ಕುಂಡದಲ್ಲಿ ಬಿತ್ತಿದ್ದಾಳಂತೆ. ಮುಳ್ಳು ಕಳಿಸಿರುವುದು ಅವಳೇ.

ಕದರಯ್ಯ ಒಂದು ಮುಳ್ಳು ಎತ್ತಿ ಬೆಳಕಿಗೆ ಹಿಡಿದ. "ಮೂರು ಬಿಳಿ ಇಲ್ವಲ್ಲ. ಸೀಮಂತಕ್ಕಾಗಲ್ಲ" ಎಂದ.

ನರಸಿಂಹಮ್ಮ ಹುಲ್ಲಿನ ಜಡೆಯನ್ನು ಮೂಸಿ, ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ಆಯಮ್ಮಂದು ತೀರ್ತು ಅಂತ ಕೂತಿದ್ದೆ. ಈಗ ಇವಳ್ದು ಕೂತ್ಕತಲ್ಲ ಮಾದೇವಣ್ಣ" ಎಂದಳು. "ಬರಿ. ಏನ್ ಬೇಕು ಅಂತ ಕೇಳು."

"ಏನೂ ಬ್ಯಾಡ ಅಂತ ಬರೀತಾಳೆ ನೋಡು."

"ಬರೀಲಿ. ಮತ್ತೆ ಕೇಳು."

ಎರಡು ಸಲ ಬೇಡ ಎಂದು ಬಂತು. ಮೂರನೆಯ ಸಲ, ಎಂಬತ್ತೊಂದರ ದೀಪಾವಳಿಯ ಹೊತ್ತಿಗೆ, ನೀವು ದಿನಾ ಏನು ಹೆಣೆಯುತ್ತೀರೋ ಅದನ್ನೊಂದು ಕಳಿಸಿ ಎಂದು ಬಂತು. ನರಸಿಂಹಮ್ಮ ಎರಡು ಮೊರ ಹೆಣೆದಳು. ಬಾಗಿನದ ಮೊರ ಒಂಟಿ ಕೊಡುವುದಿಲ್ಲ, ಒಂದರ ಮೇಲೊಂದು ಮುಚ್ಚಬೇಕು. ಮೂರು ದಿನ ಹೊಗೆ ಕೊಟ್ಟಳು.

ತುಮಕೂರಿನ ಅಂಚೆ ಕಚೇರಿಗೆ ಆಕೆಯೂ ಬಂದಳು. ಗುಮಾಸ್ತರು ಹೊಲಿದ ಬಟ್ಟೆಯ ಮೇಲಿನ ವಿಳಾಸ ಓದಿ, ಒಳಗಿರುವುದೇನು ಎಂದರು. ಮೊರ ಎಂದೆ.

"ಕೆನಡಾದಲ್ಲಿ ಮೊರದಲ್ಲಿ ಏನ್ರೀ ಕೇರ್ತಾರೆ?"

"ಹಿಮ. ಕಲ್ಲು ಜಾಸ್ತಿ ಇರುತ್ತಂತೆ" ಎಂದೆ.

ಅವರು ನಗದೆ ಸೀಲು ಹೊಡೆದರು. ನರಸಿಂಹಮ್ಮ ಗಾಜಿನ ಕಿಟಕಿಗೆ ಹಣೆ ಹಚ್ಚಿ, ಮೂಟೆ ಒಳಗೆ ಹೋಗುವ ತನಕ ನೋಡಿದಳು. ಜೀಪು ಹತ್ತಿದ ಮೇಲೆ, "ಅವಳು ತಿರ್ಗಾ ಏನಾರ ಕಳಿಸ್ತಾಳಾ?" ಎಂದು ಕೇಳಿದಳು.

"ಕಳಿಸೇ ಕಳಿಸ್ತಾಳೆ. ಮೇದರೋಳಲ್ವಾ."

"ಹಂಗಾರೆ ದಾರೀಲಿ ಬಿದಿರ್ ಮಂಡಿ ತಾವ ನಿಲ್ಸು" ಎಂದಳು.